ರೋಗಿಯೇ ಸೆನ್ಸರ್ ಆಗಬಾರದು: ಆಸ್ಪತ್ರೆಯ ಗಾಳಿ ಮತ್ತು ಶಿಲೀಂಧ್ರ



ಫಂಗಸ್ ಅಂದ ತಕ್ಷಣ ನಮಗೆ ನೆನಪಾಗೋದು ಏನು? ಮಳೆಗಾಲದಲ್ಲಿ ಬ್ರೆಡ್ ಮೇಲೆ ಬರೋ ಹಸಿರು ಬೂಷ್ಟು, ಬೀರುವಿನಲ್ಲಿ ಮರೆತುಹೋದ ಬೆಲ್ಟ್ ಮೇಲಿನ ಬಿಳಿ ಪುಡಿ, ಹಾಸ್ಟೆಲ್ ಬಾತ್‌ರೂಮ್ ಗೋಡೆಯ ಕಪ್ಪು ಕಲೆ. ಒರೆಸಿದರೆ ಅಥವಾ ಬಿಸಾಕಿದರೆ ಮುಗೀತು. ಕಾಲಿನ ಬೆರಳ ಸಂದಿಗೆ ಬಂದರೆ ಒಂದು ಟ್ಯೂಬ್ ಮುಲಾಮು, ಅಷ್ಟೇ.

ಇದೇ ಬೂಷ್ಟು ಕೆಲವರ ಪ್ರಾಣ ತೆಗೆಯುತ್ತದೆ ಅಂತ ನಮ್ಮ ದೇಶಕ್ಕೆ ದೊಡ್ಡದಾಗಿ ಗೊತ್ತಾಗಿದ್ದು 2021ರಲ್ಲಿ. ಕೋವಿಡ್ ಎರಡನೇ ಅಲೆಯ ಜೊತೆ ಬಂದ "ಬ್ಲ್ಯಾಕ್ ಫಂಗಸ್", ಅಂದರೆ ಮ್ಯೂಕರ್‌ಮೈಕೋಸಿಸ್, ನೆನಪಿದೆಯಲ್ಲ? ಭಾರತದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆ ಅಂತಲೇ ಚಿಕಿತ್ಸೆಯ ವ್ಯವಸ್ಥೆ ಮಾಡಿದ್ದರು. ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಜನ ಊರೂರು ಅಲೆದರು. ಆ ಫಂಗಸ್ ಏನೂ ಹೊಸದಾಗಿ ಹುಟ್ಟಿದ್ದಲ್ಲ. ಮಣ್ಣಲ್ಲಿ, ಕೊಳೆತ ಎಲೆಯಲ್ಲಿ ಮೊದಲಿಂದಲೂ ಇತ್ತು. ಬದಲಾಗಿದ್ದು ಮನುಷ್ಯರ ದೇಹದ ಸ್ಥಿತಿ: ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟೀರಾಯ್ಡ್. ಅಂದ್ರೆ ಫಂಗಸ್ ಎಲ್ಲಾ ಕಡೆ ಇರುತ್ತೆ, ದೇಹದ ಕಾವಲು ಬಿದ್ದಾಗ ಒಳಗೆ ಬರುತ್ತೆ.

ಈಗ ಪ್ರಶ್ನೆ ಇದು. ಆಸ್ಪತ್ರೆಯ ಕೆಲವು ವಾರ್ಡ್‌ಗಳಲ್ಲಿ ಇರೋ ಎಲ್ಲಾ ರೋಗಿಗಳ ಕಾವಲೂ ಬಿದ್ದಿರುತ್ತೆ. ಅಲ್ಲಿ ಅವರನ್ನು ಕಾಯೋರು ಯಾರು? ಡಾಕ್ಟರ್, ನರ್ಸ್, ಔಷಧ ಸರಿ. ಜೊತೆಗೆ ಒಂದು ಡಕ್ಟ್, ಒಂದು ಫಿಲ್ಟರ್, ಒಂದು ಬಾಗಿಲು. ಅದಕ್ಕೇ ಈ ವಿಷಯ ಮೆಡಿಕಲ್ ಕಾಲೇಜಿನವರಿಗೆ ಎಷ್ಟು ಸೇರಿದ್ದೋ ನಮಗೂ ಅಷ್ಟೇ ಸೇರಿದ್ದು.

ಯಾರಿಗೆ ಅಪಾಯ?

ಆಸ್ಪರ್ಜಿಲಸ್ ಅನ್ನೋ ಬೂಷ್ಟನ್ನು ತಗೊಳ್ಳೋಣ. ಅದು ಗಾಳಿಯಲ್ಲಿ ಬಿಡೋ ಸಣ್ಣ ಬೀಜದಂಥ ಕಣಕ್ಕೆ ಸ್ಪೋರ್ ಅಂತಾರೆ. ಈ ಲೇಖನ ಓದುತ್ತಿರುವ ನಾವೆಲ್ಲರೂ ದಿನಕ್ಕೆ ನೂರಾರು ಸ್ಪೋರ್ ಉಸಿರಾಡುತ್ತೇವೆ. ಏನೂ ಆಗಲ್ಲ. ಶ್ವಾಸಕೋಶದಲ್ಲಿ ಇರುವ ಮ್ಯಾಕ್ರೋಫೇಜ್ ಕೋಶಗಳು ಸ್ಪೋರ್‌ಗಳನ್ನು ನುಂಗಿಬಿಡುತ್ತವೆ. ತಪ್ಪಿಸಿಕೊಂಡು ಮೊಳಕೆ ಒಡೆದ ಒಂದೆರಡನ್ನು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಬಂದು ಕೊಲ್ಲುತ್ತವೆ.

ರಕ್ತದ ಕ್ಯಾನ್ಸರ್‌ಗೆ ಕೀಮೋಥೆರಪಿ ತಗೊಳ್ಳುತ್ತಿರುವವರು ಅಥವಾ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆದವರ ಕಥೆ ಬೇರೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1500ಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಇರುತ್ತವೆ. ಇವರಲ್ಲಿ ಅದು 500ಕ್ಕಿಂತ ಕೆಳಗೆ ಹೋಗುತ್ತೆ, ಕೆಲವು ದಿನ ಸೊನ್ನೆಗೇ ಇಳಿಯುತ್ತೆ. ಆ ಸ್ಥಿತಿ ಎರಡು ಮೂರು ವಾರ ಇರಬಹುದು. ಆಗ ಒಳಗೆ ಹೋದ ಸ್ಪೋರ್ ಮೊಳಕೆ ಒಡೆದು, ದಾರದ ಹಾಗೆ ಬೆಳೆದು, ಶ್ವಾಸಕೋಶದ ರಕ್ತನಾಳವನ್ನೇ ಕೊರೆದುಕೊಂಡು ಹೋಗುತ್ತದೆ. ಮೊದಲು ಕಾಣೋದು ಬರೀ ಜ್ವರ ಮತ್ತು ಕೆಮ್ಮು. ಆ ರೋಗಿಗೆ ಜ್ವರ ಬರೋಕೆ ಬೇರೆ ಹತ್ತು ಕಾರಣ ಇರುತ್ತವೆ, ಹಾಗಾಗಿ ಗುರುತಿಸೋದೂ ಕಷ್ಟ.

ಔಷಧ ಇಲ್ವಾ? ಇದೆ, ಆದರೆ ಕಡಿಮೆ. ಬ್ಯಾಕ್ಟೀರಿಯಾ ನಮ್ಮ ಜೀವಕೋಶಕ್ಕಿಂತ ತುಂಬಾ ಬೇರೆ, ಹಾಗಾಗಿ ಅದಕ್ಕೆ ಮಾತ್ರ ತಗಲುವ ಔಷಧ ಮಾಡೋದು ಸುಲಭ. ಫಂಗಸ್‌ನ ಕೋಶಕ್ಕೆ ನಮ್ಮ ಕೋಶದ ಹಾಗೇ ನ್ಯೂಕ್ಲಿಯಸ್ ಇದೆ, ರಚನೆಯಲ್ಲೂ ಹೋಲಿಕೆ ಜಾಸ್ತಿ. ಅದನ್ನು ಕೊಲ್ಲೋ ಔಷಧ ನಮಗೂ ಸ್ವಲ್ಪ ಪೆಟ್ಟು ಕೊಡುತ್ತೆ. ಆಂಫೊಟೆರಿಸಿನ್ ಕಿಡ್ನಿಗೆ ಹೊಡೆಯೋದು ಇದಕ್ಕೇ. ಆದ್ದರಿಂದ ಬಂದ ಮೇಲೆ ವಾಸಿ ಮಾಡೋದಕ್ಕಿಂತ ಬರದ ಹಾಗೆ ನೋಡಿಕೊಳ್ಳೋದೇ ಇಲ್ಲಿ ದೊಡ್ಡ ಕೆಲಸ.

ಮೂರು ಮೈಕ್ರಾನ್ ಕಣದ ಲೆಕ್ಕ

ಆಸ್ಪರ್ಜಿಲಸ್ ಸ್ಪೋರ್‌ನ ಅಳತೆ ಸುಮಾರು 2ರಿಂದ 3 ಮೈಕ್ರಾನ್. ಇದಕ್ಕಿಂತ ತುಂಬಾ ದೊಡ್ಡದಿದ್ದರೆ ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಈ ಅಳತೆಯದು ನೇರ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗುತ್ತೆ.

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಸ್ಟೋಕ್ಸ್ ನಿಯಮ ಇಲ್ಲಿಗೆ ಹಾಕಿ ನೋಡಿ. 3 ಮೈಕ್ರಾನ್ ವ್ಯಾಸ, ನೀರಿನಷ್ಟೇ ಸಾಂದ್ರತೆ ಅಂತ ಇಟ್ಟುಕೊಂಡರೆ ನಿಶ್ಚಲ ಗಾಳಿಯಲ್ಲಿ ಅದು ಕೆಳಗೆ ಬೀಳೋ ವೇಗ ಸೆಕೆಂಡಿಗೆ ಸುಮಾರು 0.27 ಮಿಲಿಮೀಟರ್. ಅಂದ್ರೆ 3 ಮೀಟರ್ ಎತ್ತರದ ಛಾವಣಿಯಿಂದ ನೆಲಕ್ಕೆ ಬರೋಕೆ ಮೂರು ಗಂಟೆ! ಅದೂ ಗಾಳಿ ಅಲ್ಲಾಡದೇ ಇದ್ದರೆ. ಫ್ಯಾನ್ ತಿರುಗುತ್ತಿದ್ದರೆ, ಜನ ಓಡಾಡುತ್ತಿದ್ದರೆ ಅದು ಕೆಳಗೆ ಬರೋದೇ ಇಲ್ಲ ಅಂತ ಅಂದುಕೊಳ್ಳಬಹುದು.

ನಾವು "ಕ್ಲೀನ್ ಆಸ್ಪತ್ರೆ" ಅಂದ್ರೆ ಫಿನೈಲ್ ವಾಸನೆ, ಹೊಳೆಯೋ ನೆಲ ಅಂತ ಅಂದುಕೊಂಡಿದ್ದೇವೆ. ನೆಲ ಒರೆಸೋದು ಖಂಡಿತ ಬೇಕು. ಆದರೆ ನೆಲಕ್ಕೇ ಬರದ ಕಣವನ್ನು ಮಾಪ್ ಹಿಡಿಯೋಕಾಗಲ್ಲ. ಗಾಳಿಯನ್ನೇ ಒರೆಸಬೇಕು.

ಗಾಳಿ ಒರೆಸೋದು ಹೇಗೆ?

ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ರೋಗಿಗಳನ್ನು ಇಡುವ ವಿಶೇಷ ಕೊಠಡಿಗೆ ಅಮೆರಿಕದ ಸಿಡಿಸಿ ಸಂಸ್ಥೆ 2003ರಲ್ಲಿ ಮಾರ್ಗಸೂಚಿ ಕೊಟ್ಟಿತು. ಅದರ ಮುಖ್ಯ ಅಂಶ ನಾಲ್ಕು.

ಒಂದು, ಹೆಪಾ ಫಿಲ್ಟರ್. ಒಳಗೆ ಬರುವ ಗಾಳಿ ಇದರ ಮೂಲಕವೇ ಬರಬೇಕು. 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿದರೆ ಮಾತ್ರ ಅದು ಹೆಪಾ. ಯಾಕೆ 0.3? ದೊಡ್ಡ ಕಣಗಳು ಗಾಳಿಯ ಜೊತೆ ತಿರುಗೋಕಾಗದೆ ಫಿಲ್ಟರ್‌ನ ಎಳೆಗೆ ಹೋಗಿ ಹೊಡೆದುಕೊಳ್ಳುತ್ತವೆ. ತೀರಾ ಸಣ್ಣವು ಬ್ರೌನಿಯನ್ ಚಲನೆಯಿಂದ ಅತ್ತಿತ್ತ ಅಲೆದು ಎಳೆಗೆ ಅಂಟಿಕೊಳ್ಳುತ್ತವೆ. 0.3ರ ಆಸುಪಾಸಿನ ಕಣಗಳು ಎರಡೂ ಬಲೆಗೆ ಬೀಳದೆ ಹೆಚ್ಚು ನುಸುಳುತ್ತವೆ. ಅಂದ್ರೆ ಫಿಲ್ಟರ್‌ಗೆ ಅತಿ ಕಷ್ಟದ ಪ್ರಶ್ನೆ ಕೊಟ್ಟೇ ಪರೀಕ್ಷೆ ಮಾಡ್ತಾರೆ. ಸ್ಪೋರ್ ಅದಕ್ಕಿಂತ ಹತ್ತುಪಟ್ಟು ದೊಡ್ಡದು, ಸುಲಭವಾಗಿ ಸಿಕ್ಕಿಬೀಳುತ್ತೆ.

ಎರಡು, ಗಂಟೆಗೆ ಕನಿಷ್ಠ 12 ಸಲ ಗಾಳಿ ಬದಲಾವಣೆ. ಕೊಠಡಿಯ ಒಟ್ಟು ಗಾತ್ರದಷ್ಟು ಶುದ್ಧ ಗಾಳಿ ಗಂಟೆಗೆ 12 ಬಾರಿ ಒಳಗೆ ಬರಬೇಕು. ಗಾಳಿ ಚೆನ್ನಾಗಿ ಬೆರೆಯುತ್ತೆ ಅಂದುಕೊಂಡರೆ ಕಣಗಳ ಸಂಖ್ಯೆ ಕಡಿಮೆಯಾಗೋದು ಎಕ್ಸ್‌ಪೊನೆನ್ಷಿಯಲ್ ಆಗಿ, ಕೆಪಾಸಿಟರ್ ಡಿಸ್ಚಾರ್ಜ್ ಆಗೋ ಥರಾನೇ. 12 ಬದಲಾವಣೆ ಇದ್ದರೆ 99% ಕಣ ಹೋಗೋಕೆ 23 ನಿಮಿಷ. 2 ಬದಲಾವಣೆ ಮಾತ್ರ ಇದ್ದರೆ 138 ನಿಮಿಷ. ನಮ್ಮ ಮನೆಗಳ ಸ್ಪ್ಲಿಟ್ ಎಸಿ ಇದರಲ್ಲಿ ಲೆಕ್ಕಕ್ಕೇ ಇಲ್ಲ. ಅದು ಒಳಗಿನ ಗಾಳಿಯನ್ನೇ ತಿರುಗಿ ತಿರುಗಿ ತಂಪು ಮಾಡುತ್ತೆ, ಅದರ ಜಾಲರಿ ಧೂಳು ಹಿಡಿಯುತ್ತೆಯೇ ಹೊರತು ಸ್ಪೋರ್ ಹಿಡಿಯಲ್ಲ. ಒದ್ದೆಯಾಗೇ ಇರೋ ಕಾಯಿಲ್ ಮತ್ತು ಡ್ರೈನ್ ಟ್ರೇ ಬೂಷ್ಟಿಗೆ ಒಳ್ಳೇ ಮನೆ ಬೇರೆ.

ಮೂರು, ಪಾಸಿಟಿವ್ ಪ್ರೆಶರ್. ಹೊರಗೆ ಎಳೆಯೋದಕ್ಕಿಂತ ಒಳಗೆ ತಳ್ಳೋ ಗಾಳಿ ಹೆಚ್ಚಿರಬೇಕು. ಆಗ ಸಂದಿಗಳಲ್ಲಿ ಗಾಳಿ ಒಳಗಿಂದ ಹೊರಗೇ ಹರಿಯುತ್ತೆ. ಟಿಬಿ ರೋಗಿಯ ಕೊಠಡಿಗೆ ಇದರ ತದ್ವಿರುದ್ಧ, ಅಲ್ಲಿ ನೆಗೆಟಿವ್ ಪ್ರೆಶರ್ ಬೇಕು. ಯಾಕಂದ್ರೆ ಅಲ್ಲಿ ಕಾಪಾಡಬೇಕಾಗಿರೋದು ಹೊರಗಿನವರನ್ನ. ಫ್ಯಾನ್‌ಗಳ ಹೊಂದಾಣಿಕೆ ಉಲ್ಟಾ ಆದರೆ ಕಾಪಾಡಬೇಕಾದ ಕೊಠಡಿಯೇ ಕಾರಿಡಾರಿನ ಧೂಳನ್ನು ಒಳಗೆ ಎಳೆದುಕೊಳ್ಳುತ್ತೆ, ನೋಡೋಕೆ ಮಾತ್ರ ಎಲ್ಲ ಸರಿಯಾಗೇ ಕಾಣುತ್ತೆ.

ನಾಲ್ಕು, ಸಂದಿ ಮುಚ್ಚೋದು. ಕಿಟಕಿ, ಫಾಲ್ಸ್ ಸೀಲಿಂಗ್, ವೈರ್ ಪೈಪ್ ಹೋದ ತೂತು ಎಲ್ಲವನ್ನೂ ಸೀಲ್ ಮಾಡಿ, ಬಾಗಿಲು ತಾನಾಗೇ ಮುಚ್ಚಿಕೊಳ್ಳೋ ಹಾಗೆ ಮಾಡಬೇಕು.

2.5 ಪಾಸ್ಕಲ್ ಅಂದ್ರೆ ಎಷ್ಟು?

ನನಗೆ ತುಂಬಾ ಆಶ್ಚರ್ಯ ಆಗಿದ್ದು ಈ ಸಂಖ್ಯೆ. ಕೊಠಡಿ ಮತ್ತು ಕಾರಿಡಾರ್ ನಡುವೆ ಇರಬೇಕಾದ ಕನಿಷ್ಠ ಒತ್ತಡದ ವ್ಯತ್ಯಾಸ ಬರೀ 2.5 ಪಾಸ್ಕಲ್. ನೀರಿನ ಎತ್ತರದಲ್ಲಿ ಹೇಳಿದರೆ ಕಾಲು ಮಿಲಿಮೀಟರ್! ವಾತಾವರಣದ ಒತ್ತಡದ ನಲವತ್ತು ಸಾವಿರದಲ್ಲಿ ಒಂದು ಪಾಲು. 2 ಚದರ ಮೀಟರ್ ಬಾಗಿಲಿನ ಮೇಲೆ ಬೀಳೋ ಬಲ 5 ನ್ಯೂಟನ್, ಅರ್ಧ ಲೀಟರ್ ನೀರಿನ ಬಾಟಲಿಯ ತೂಕದಷ್ಟು. ಒಬ್ಬರ ಜೀವ ಇದರ ಮೇಲೆ ನಿಂತಿದೆ.

ಇಷ್ಟು ಕಡಿಮೆ ಒತ್ತಡ ಸಾಕಾ? ಬಾಗಿಲು ಮುಚ್ಚಿದ್ದರೆ ಸಾಕು. ಬರ್ನೂಲಿ ಹಾಕಿ: 2.5 ಪಾಸ್ಕಲ್‌ಗೆ ಸಂದಿಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಇದರ ಎದುರು ಈಜಿಕೊಂಡು ಸ್ಪೋರ್ ಒಳಗೆ ಬರೋಕಾಗಲ್ಲ.

ಬಾಗಿಲು ತೆರೆದರೆ? ಒಳಗೆ ಬರುವ ಗಾಳಿ ಹೊರಗೆ ಎಳೆಯೋದಕ್ಕಿಂತ ಗಂಟೆಗೆ ಸುಮಾರು 210 ಘನ ಮೀಟರ್ ಹೆಚ್ಚಿದೆ ಅಂತ ಇಟ್ಟುಕೊಳ್ಳಿ. ಅಷ್ಟೂ ಗಾಳಿ ಈಗ 2 ಚದರ ಮೀಟರ್ ಬಾಗಿಲಿನಿಂದ ಹೋಗಬೇಕು. ವೇಗ ಸೆಕೆಂಡಿಗೆ 3 ಸೆಂಟಿಮೀಟರ್‌ಗೆ ಇಳಿಯುತ್ತೆ. ಒಬ್ಬ ಮನುಷ್ಯ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಒಳಗೆ ನಡೆದರೆ ಅವನ ಬೆನ್ನ ಹಿಂದೆ ಕಾರಿಡಾರಿನ ಗಾಳಿಯೂ ನುಗ್ಗುತ್ತೆ. ಅದಕ್ಕೇ ಇಂಥ ಕೊಠಡಿಗಳಿಗೆ ಎಷ್ಟೋ ಕಡೆ ಎರಡು ಬಾಗಿಲು, ನಡುವೆ ಒಂದು ಚಿಕ್ಕ ಕೋಣೆ ಇರುತ್ತೆ. ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೀಬೇಕು. ಸೆಕೆಗೆ ಅಂತ ಆ ಬಾಗಿಲಿಗೆ ಸ್ಟೂಲ್ ಅಡ್ಡ ಇಟ್ಟು ತೆರೆದಿಟ್ಟರೆ ಇಡೀ ಡಿಸೈನ್ ಮುಗಿದುಹೋಯ್ತು.

ಫಿಲ್ಟರ್‌ನಲ್ಲೂ ಇದೇ ಕಥೆ. 99.97% ಫಿಲ್ಟರ್ ಅಂದ್ರೆ 0.03% ನುಸುಳುತ್ತೆ. ಅದನ್ನು ಕೂರಿಸುವಾಗ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಬರೀ 1% ಗಾಳಿ ಪಕ್ಕದಿಂದ ಹೋಯಿತು ಅಂತಿಟ್ಟುಕೊಳ್ಳಿ. ಒಟ್ಟು ನುಸುಳಿದ್ದು 1.03%. ಅಂದ್ರೆ 34 ಪಟ್ಟು ಹೆಚ್ಚು! ದುಬಾರಿ ಫಿಲ್ಟರ್ ತಂದಿದ್ದೇವೆ ಅಂದ್ರೆ ಸಾಲದು, ಕೂರಿಸಿದ ಮೇಲೆ ಲೀಕ್ ಟೆಸ್ಟ್ ಮಾಡಬೇಕು.

ಸಿಯಾಟಲ್‌ನಲ್ಲಿ ಆಗಿದ್ದು

ಇದೆಲ್ಲ ಬರೀ ಲೆಕ್ಕ ಅಲ್ಲ ಅಂತ ತೋರಿಸೋಕೆ ಒಂದು ನಿಜವಾದ ಪ್ರಕರಣ ಹೇಳ್ತೀನಿ. ಅಮೆರಿಕದ ಸಿಯಾಟಲ್ ಚಿಲ್ಡ್ರನ್ಸ್ ಆಸ್ಪತ್ರೆ ಹೆಸರುವಾಸಿಯಾದ ಮಕ್ಕಳ ಆಸ್ಪತ್ರೆ. 2019ರ ಮೇ ತಿಂಗಳಲ್ಲಿ ಅಲ್ಲಿನ ಆಪರೇಷನ್ ಥಿಯೇಟರ್‌ಗಳ ಗಾಳಿಯಲ್ಲಿ ಆಸ್ಪರ್ಜಿಲಸ್ ಸಿಕ್ಕಿತು. ಥಿಯೇಟರ್ ಮುಚ್ಚಿದರು, ರಿಪೇರಿ ಮಾಡಿದರು, ಜುಲೈನಲ್ಲಿ ತೆರೆದರು. ನವೆಂಬರ್‌ನಲ್ಲಿ ಮತ್ತೆ ಸಿಕ್ಕಿತು.

ಆಗ ಹಳೇ ದಾಖಲೆ ತೆಗೆದು ನೋಡಿದಾಗ ಗೊತ್ತಾಗಿದ್ದು ಇನ್ನೂ ಭಯಂಕರ. 2001ರಿಂದ 2019ರವರೆಗೆ 14 ಮಕ್ಕಳಿಗೆ ಸರ್ಜರಿಯ ನಂತರ ಆಸ್ಪರ್ಜಿಲಸ್ ಸೋಂಕು ಆಗಿತ್ತು. ಅವರಲ್ಲಿ 6 ಮಕ್ಕಳು ತೀರಿಕೊಂಡಿದ್ದರು. ಹಿಂದಿನ ಪ್ರಕರಣಗಳನ್ನು ಆಗ ಬಿಡಿಬಿಡಿ ಘಟನೆ ಅಂತ ಅಂದುಕೊಂಡಿದ್ದರು. ಗಾಳಿ ವ್ಯವಸ್ಥೆಗೂ ಇವಕ್ಕೂ ಇರುವ ಸಂಬಂಧವನ್ನು ಮುಂಚೆಯೇ ಗುರುತಿಸಬೇಕಿತ್ತು ಅಂತ ಆಸ್ಪತ್ರೆಯ ಮುಖ್ಯಸ್ಥರೇ ಒಪ್ಪಿಕೊಂಡರು. ಆಮೇಲೆ ಥಿಯೇಟರ್‌ಗಳಿಗೆ ಹೆಪಾ ಫಿಲ್ಟರ್ ಹಾಕಿಸಿದರು.

ಅಷ್ಟು ಒಳ್ಳೇ ಆಸ್ಪತ್ರೆ, ಅಷ್ಟು ಬುದ್ಧಿವಂತರು, 18 ವರ್ಷ ಯಾಕೆ ಗೊತ್ತಾಗಲಿಲ್ಲ? ಸಂಖ್ಯೆ ನೋಡಿ. 18 ವರ್ಷಕ್ಕೆ 14. ಸರಾಸರಿ ವರ್ಷಕ್ಕೆ ಒಂದೂ ಇಲ್ಲ. ಸಾವಿರಾರು ಸರ್ಜರಿಗಳ ನಡುವೆ ಒಂದು ಸೋಂಕು ಬಂದರೆ ಅದು ದುರದೃಷ್ಟದ ಹಾಗೇ ಕಾಣುತ್ತೆ. ಡಾಕ್ಟರ್ ಬದಲಾಗಿರ್ತಾರೆ, ನರ್ಸ್ ಬದಲಾಗಿರ್ತಾರೆ, ಹಿಂದಿನ ಮಗುವಿನ ಫೈಲ್ ಇನ್ಯಾವುದೋ ಕಪಾಟಿನಲ್ಲಿರುತ್ತೆ. ಎಲೆಕ್ಟ್ರಾನಿಕ್ಸ್ ಭಾಷೆಯಲ್ಲಿ ಹೇಳೋದಾದ್ರೆ ಸಿಗ್ನಲ್ ಅಷ್ಟು ನಿಧಾನ, ನಾಯ್ಸ್ ಅಷ್ಟು ಜಾಸ್ತಿ.

ಈ ಲೇಖನದಲ್ಲಿ ನಾನು ಹೇಳಬೇಕು ಅಂದುಕೊಂಡಿರೋ ಮಾತು ಇದೇ. ಗಾಳಿ ಕೆಟ್ಟಿದೆ ಅಂತ ತಿಳಿಯೋಕೆ ಸೋಂಕನ್ನು ಕಾಯುತ್ತಾ ಕೂತರೆ ರೋಗಿಯನ್ನೇ ಸೆನ್ಸರ್ ಮಾಡಿದ ಹಾಗೆ. ಆ ಸೆನ್ಸರ್ ತುಂಬಾ ತಡವಾಗಿ ಕೂಗುತ್ತೆ, ಒಂದೊಂದು ರೀಡಿಂಗ್‌ಗೂ ಒಂದು ಜೀವ ಪಣಕ್ಕೆ. ಬದಲಿಗೆ ಒತ್ತಡ ಅಳೀಬೇಕು, ಗಾಳಿಯ ಹರಿವು ಅಳೀಬೇಕು, ಕಣ ಎಣಿಸಬೇಕು, ತೇವಾಂಶ ನೋಡಬೇಕು. ಇವಕ್ಕೆಲ್ಲ ಮೀಟರ್ ಇದೆ. ಬಾಗಿಲ ಪಕ್ಕ ಒಂದು ಡಿಫರೆನ್ಷಿಯಲ್ ಪ್ರೆಶರ್ ಮೀಟರ್, ಅದಕ್ಕೊಂದು ಅಲಾರ್ಮ್, ದಿನಾ ಬರೆಯೋ ಒಂದು ಲಾಗ್. ಅದನ್ನು ನೋಡೋರು, ನೋಡಿದ ಮೇಲೆ ಕೆಲಸ ನಿಲ್ಲಿಸಿ ಅಂತ ಹೇಳೋ ಅಧಿಕಾರ ಇರೋರು, ಇವೆರಡೂ ಇರಬೇಕು.

ಗಾಳಿ ಒಂದೇ ದಾರಿ ಅಲ್ಲ

ಬಟ್ಟೆಯಿಂದಲೂ ಬರಬಹುದು. 2008-09ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ 5 ಮಕ್ಕಳು ಮ್ಯೂಕರ್‌ಮೈಕೋಸಿಸ್ ಬಂದು ತೀರಿಕೊಂಡರು. ತನಿಖೆ ಹೋಗಿ ನಿಂತಿದ್ದು ಹಾಸಿಗೆಯ ಬಟ್ಟೆಗಳ ಹತ್ತಿರ. ಒಗೆದ ಬೆಡ್‌ಶೀಟ್, ಹೊದಿಕೆಗಳ ಮೇಲೆ ಫಂಗಸ್ ಇತ್ತು. ಚರ್ಮ ನಾಜೂಕಾಗಿರೋ ಮಗುವಿಗೆ ಅಷ್ಟು ಸಾಕು. ಒಗೆದರೆ ಮುಗೀಲಿಲ್ಲ, ಒಗೆದ ಬಟ್ಟೆ ಒಣಗಿದೆಯಾ, ಎಲ್ಲಿ ಇಟ್ಟಿದ್ದಾರೆ, ಯಾವ ದಾರೀಲಿ ವಾರ್ಡ್‌ಗೆ ಬರುತ್ತೆ ಅನ್ನೋದೂ ಮುಖ್ಯ.

ಸಾಮಾನುಗಳಿಂದಲೂ ಬರಬಹುದು. ಕ್ಯಾಂಡಿಡಾ ಆರಿಸ್ ಅನ್ನೋ ಯೀಸ್ಟ್ ಅನ್ನು 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ಮೊದಲು ಗುರುತಿಸಿದರು. ಲ್ಯಾಟಿನ್‌ನಲ್ಲಿ ಆರಿಸ್ ಅಂದ್ರೆ ಕಿವಿ. ಇದು ಆಸ್ಪರ್ಜಿಲಸ್ ಥರ ಗಾಳಿಯ ಪ್ರಯಾಣಿಕ ಅಲ್ಲ, ಚರ್ಮದ ಮೇಲೆ, ಮಂಚದ ಕಂಬಿ ಮೇಲೆ, ಉಪಕರಣದ ಮೇಲೆ ಬಹಳ ದಿನ ಉಳಿಯುತ್ತೆ. ಹಲವು ಔಷಧಗಳಿಗೆ ಬಗ್ಗಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಜಾನ್ ರಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ 2015ರಿಂದ 2017ರ ನಡುವೆ 70 ರೋಗಿಗಳಲ್ಲಿ ಇದು ಸಿಕ್ಕಿತು, ಅವರಲ್ಲಿ ಹೆಚ್ಚಿನವರು ಒಂದೇ ಐಸಿಯುನಲ್ಲಿ ಇದ್ದವರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಂಕುಳಲ್ಲಿ ಇಡೋ, ಮತ್ತೆ ಮತ್ತೆ ಬಳಸೋ ಟೆಂಪರೇಚರ್ ಪ್ರೋಬ್‌ಗಳು. ಅವನ್ನು ತೆಗೆದ ಮೇಲೆ ಹೊಸ ಪ್ರಕರಣಗಳು ಇಳಿದವು. ಜ್ವರ ಅಳೆಯೋ ಸಾಮಾನೇ ರೋಗ ಹಂಚುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿತು. 19 ಹೆಸರುಗಳಲ್ಲಿ ಅತಿ ಗಂಭೀರ ಗುಂಪಿನಲ್ಲಿರೋದು ನಾಲ್ಕು. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಮತ್ತು ಕ್ಯಾಂಡಿಡಾ ಆರಿಸ್ ಎರಡೂ ಅದರಲ್ಲಿವೆ.

ಸಿಮೆಂಟು, ಮಳೆ, ಕರೆಂಟು

ಈಗ ನಮ್ಮೂರಿನ ಕಡೆ ಬರೋಣ. ಬೆಂಗಳೂರಲ್ಲೂ ಹಲವು ಆಸ್ಪತ್ರೆಗಳಲ್ಲಿ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗುತ್ತೆ. ಮೇಲಿನ ಲೆಕ್ಕ ಅಲ್ಲಿಗೂ ಅನ್ವಯ. ಜೊತೆಗೆ ಮೂರು ವಿಷಯ ನಮಗೆ ಹೆಚ್ಚು ಹತ್ತಿರದ್ದು.

ಮೊದಲನೇದು ಕಟ್ಟಡದ ಕೆಲಸ. ಹಳೇ ಗೋಡೆ ಒಡೆದಾಗ, ಫಾಲ್ಸ್ ಸೀಲಿಂಗ್ ಬಿಚ್ಚಿದಾಗ, ಮಣ್ಣು ಅಗೆದಾಗ ವರ್ಷಗಟ್ಟಲೆ ಕೂತಿದ್ದ ಸ್ಪೋರ್ ಒಟ್ಟಿಗೇ ಏಳುತ್ತವೆ. ಆಸ್ಪತ್ರೆ ನಡೀತಿರುವಾಗಲೇ ಪಕ್ಕದ ಬ್ಲಾಕ್ ಕಟ್ಟೋದು ನಮ್ಮಲ್ಲಿ ಮಾಮೂಲು. ನಿಯಮ ಏನು ಹೇಳುತ್ತೆ ಅಂದ್ರೆ, ಕೆಲಸ ಶುರುವಾಗೋ ಮುಂಚೆಯೇ ಎಂಜಿನಿಯರ್ ಮತ್ತು ಸೋಂಕು ನಿಯಂತ್ರಣ ತಂಡ ಕೂತು ಅಪಾಯ ಲೆಕ್ಕ ಹಾಕಬೇಕು. ಕೆಲಸದ ಜಾಗವನ್ನು ನೆಲದಿಂದ ಮೇಲಿನ ಸ್ಲ್ಯಾಬ್‌ವರೆಗೆ ಮುಚ್ಚಿ, ಅಲ್ಲಿ ನೆಗೆಟಿವ್ ಪ್ರೆಶರ್ ಇಟ್ಟು, ಕಸವನ್ನು ಮುಚ್ಚಿದ ಗಾಡಿಯಲ್ಲಿ ಬೇರೆ ದಾರಿಯಿಂದ ಸಾಗಿಸಬೇಕು. ಒಂದು ಹಸಿರು ನೆಟ್ ಕಟ್ಟಿದರೆ ಆಗಲ್ಲ. ಅದರ ತೂತು ಮಿಲಿಮೀಟರ್ ಲೆಕ್ಕದ್ದು, ಸ್ಪೋರ್ ಮೈಕ್ರಾನ್ ಲೆಕ್ಕದ್ದು.

ಎರಡನೇದು ನೀರು. ಮಳೆಗಾಲದಲ್ಲಿ ಸೀಲಿಂಗ್ ಸೋರಿ ಜಿಪ್ಸಂ ಬೋರ್ಡ್ ಒದ್ದೆಯಾದರೆ ಬೂಷ್ಟಿಗೆ ಊಟ, ಮನೆ ಎರಡೂ ಸಿಕ್ಕ ಹಾಗೆ. 72 ಗಂಟೆಯೊಳಗೆ ಪೂರ್ತಿ ಒಣಗದೇ ಹೋದರೆ ಒದ್ದೆಯಾದ ಬೋರ್ಡನ್ನೇ ಕಿತ್ತು ಹಾಕಿ ಅನ್ನುತ್ತೆ ಸಿಡಿಸಿ. ಕಲೆ ಮೇಲೆ ಬಣ್ಣ ಬಳಿದರೆ ಕಲೆ ಮಾತ್ರ ಕಾಣಲ್ಲ, ಬೂಷ್ಟು ಹಿಂದೆ ಬೆಳೀತಾನೇ ಇರುತ್ತೆ.

ಮೂರನೇದು ಕರೆಂಟು. ಗಾಳಿ ಯಂತ್ರ ನಿಂತರೆ ಪ್ರೆಶರ್ ಆ ಕ್ಷಣಕ್ಕೇ ಸೊನ್ನೆ. ಮತ್ತೆ ಶುರುವಾದಾಗ ಆ ಜೋರಿಗೆ ಡಕ್ಟ್ ಒಳಗೆ ಕೂತಿದ್ದ ಧೂಳು ಎದ್ದು ಬರಬಹುದು. ಹಾಗಾಗಿ ಈ ಯಂತ್ರ ಜನರೇಟರ್ ಲೈನಿಗೆ ಇರಲೇಬೇಕು, ಬಿಲ್ ಉಳಿಸೋಕೆ ಅಂತ ರಾತ್ರಿ ಆಫ್ ಮಾಡುವಂತಿಲ್ಲ.

ನಮ್ಮ ಕೈಯಲ್ಲಿ ಏನಿದೆ?

ನಮ್ಮಲ್ಲಿ ಎಷ್ಟೋ ಜನ ಎರಡು ಮೂರು ವರ್ಷದಲ್ಲಿ ಸೈಟ್‌ನಲ್ಲೋ ಡಿಸೈನ್ ಆಫೀಸಲ್ಲೋ ಇರ್ತೀವಿ. ಮೆಕ್ಯಾನಿಕಲ್‌ನವರು ಡಕ್ಟ್ ಅಳತೆ ಹಾಕ್ತಾರೆ, ಸಿವಿಲ್‌ನವರು ಬಾತ್‌ರೂಮ್ ವಾಟರ್‌ಪ್ರೂಫಿಂಗ್ ನೋಡ್ತಾರೆ, ಎಲೆಕ್ಟ್ರಿಕಲ್‌ನವರು ಯಾವ ಲೋಡ್ ಜನರೇಟರ್‌ಗೆ ಹೋಗಬೇಕು ಅಂತ ತೀರ್ಮಾನ ಮಾಡ್ತಾರೆ, ಎಲೆಕ್ಟ್ರಾನಿಕ್ಸ್‌ನವರು ಆ ಪ್ರೆಶರ್ ಅಲಾರ್ಮ್ ಮಾಡ್ತಾರೆ, ಕಂಪ್ಯೂಟರ್ ಸೈನ್ಸ್‌ನವರು ಹಳೇ ದಾಖಲೆಗಳಲ್ಲಿ 18 ವರ್ಷದ 14 ಪ್ರಕರಣಗಳನ್ನು ಜೋಡಿಸಿ ತೋರಿಸೋ ಸಾಫ್ಟ್‌ವೇರ್ ಬರೀತಾರೆ. ಡ್ರಾಯಿಂಗ್ ಮೇಲೆ "ಆಸ್ಪತ್ರೆ" ಅಂತ ಕಂಡರೆ ಒಂದು ಪ್ರಶ್ನೆ ಕೇಳಿ: ಈ ಗೋಡೆಯ ಆಚೆ ಯಾರಿದ್ದಾರೆ?

ಅಷ್ಟರೊಳಗೆ ಯಾರಾದರೂ ಕೀಮೋ ವಾರ್ಡ್‌ನಲ್ಲಿರುವ ನೆಂಟರನ್ನೋ ಸ್ನೇಹಿತರನ್ನೋ ನೋಡೋಕೆ ಹೋದರೆ ಕೆಲವು ಮಾತು ನೆನಪಿರಲಿ. ಹೂಗುಚ್ಛ, ಕುಂಡದ ಗಿಡ ತಗೊಂಡು ಹೋಗಬೇಡಿ. ದೇವಸ್ಥಾನದ ಹೂವು ಪ್ರಸಾದ ತಂದ ಅತ್ತೆ, ಅಜ್ಜಿಗೂ ಬೇಜಾರಾಗದ ಹಾಗೆ ತಿಳಿಸಿ ಹೇಳಿ, ಪ್ರಾರ್ಥನೆ ಹೊರಗಿಂದಲೂ ತಲುಪುತ್ತೆ. ಬಾಗಿಲಲ್ಲಿ ನಿಂತು ಮಾತಾಡಬೇಡಿ, ಒಳಗೆ ಹೋಗಿ ಅಥವಾ ಹೊರಗೆ ಬನ್ನಿ. ನರ್ಸ್ ಸಿಸ್ಟರ್ "ಬಾಗಿಲು ಹಾಕಿ" ಅಂತ ಗದರಿದರೆ ಸಿಟ್ಟು ಮಾಡ್ಕೋಬೇಡಿ. ಅವರು ಕಾಯ್ತಾ ಇರೋದು ಆ ಕಾಲು ಮಿಲಿಮೀಟರ್ ನೀರಿನಷ್ಟು ಒತ್ತಡವನ್ನ.